ಹೇಳಿ ಮುಟ್ಟು

"ಒಂದು ವಿಷ್ಯ ಹೇಳ್ತೀನಿ, ಕೋಪ ಮಾಡ್ಕೋಬಾರ್ದು" ಎಂದು ಅವನು ಫೋನಿನಲ್ಲಿ ಶುರುಮಾಡಿದಾಗಲೇ ಟೀಚರಮ್ಮನಿಗೆ ಕೋಪ ಬಂದಾಗಿತ್ತು. ಹೀಗೆ ಶುರುವಾದ ಯಾವ ಮಾತೂ ಇವತ್ತಿನವರೆಗೆ ನೆಟ್ಟಗೆ ಮುಗಿದದ್ದಿಲ್ಲ. ಹಿಂದಿನ ಸಲ ಅವಳ ಸ್ಕೂಟರಿನ ಹಾರ್ನ್ ಸರಿಮಾಡಲು ಹೋಗಿ, ಬ್ರೇಕ್ ಒತ್ತಿದಾಗಲೆಲ್ಲ ಅದು ಕೂಗುವ ಹಾಗೆ ಮಾಡಿಟ್ಟಿದ್ದ.

"ನಿನ್ನ ಲ್ಯಾಪ್‌ಟಾಪ್ ಡಿಸ್ಕ್ ಹೋಗಿದೆ ಅನ್ಸುತ್ತೆ ಕಣೇ."

ಅವಳು ಫೋನ್ ಇಟ್ಟು ಸ್ಕೂಟರ್ ಹತ್ತಿ ಅವನ ವರ್ಕ್‌ಶಾಪಿಗೆ ಹೊರಟಳು. ಬೈಯುವುದಿದ್ದರೆ ಎದುರಿಗೆ ನಿಂತೇ ಬೈಯಬೇಕು, ಅದು ಅವಳ ಜಾಯಮಾನ.

ಅವಳು ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಅವನು ಲಿಫ್ಟ್ ಮೆಕ್ಯಾನಿಕ್. ಶಾಲೆಯ ಲಿಫ್ಟು ಮಹಡಿಗಳ ನಡುವೆ ಕೆಟ್ಟು ನಿಂತ ದಿನ ಒಳಗೆ ಸಿಕ್ಕಿಬಿದ್ದವಳು ಅವಳು, ಮೇಲಿನಿಂದ ಸಂದಿಯಲ್ಲಿ ಟಾರ್ಚು ಬಿಟ್ಟವನು ಅವನು. ತಡವಾಗಿ ಬಂದದ್ದಕ್ಕೆ ಆ ಸಂದಿಯಿಂದಲೇ ಅವಳು ಅವನಿಗೆ ಮಂಗಳಾರತಿ ಎತ್ತಿದ್ದಳು. ಮುಖ ನೋಡುವ ಮೊದಲು ಬೈಗುಳ ಕೇಳಿ ಮನಸ್ಸು ಕೊಟ್ಟೆ ಎಂದು ಅವನು ಆಮೇಲೆ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ. ಈಗ ಎರಡೂ ಮನೆಯವರು ಒಪ್ಪಿದ್ದರು. ಮದುವೆಗೆ ದಿನ ಗೊತ್ತುಮಾಡುವುದೊಂದೇ ಬಾಕಿ.

ಆ ಲ್ಯಾಪ್‌ಟಾಪಿನಲ್ಲಿದ್ದದ್ದು ಅವಳ ಪುಸ್ತಕ. ಬೆರಳಿನಿಂದ ಸವರಿ ಓದುವ ಉಬ್ಬು ಚಿತ್ರಗಳ ಪುಸ್ತಕ: ಎಲೆ, ಕಪ್ಪೆ, ಕಿವಿಯ ಒಳಭಾಗ, ಹೃದಯ. ಒಂದೊಂದು ಗೆರೆಯನ್ನೂ ಮಕ್ಕಳ ಬೆರಳಿಗೆ ಕೊಟ್ಟು, ಅವರು ತಡವರಿಸಿದ ಕಡೆ ಅಳಿಸಿ, ಮತ್ತೆ ಬರೆದು ಮಾಡಿದ ಕೆಲಸ. ಸೋಮವಾರ ಪ್ರೆಸ್ಸಿಗೆ ಹೋಗದಿದ್ದರೆ ಈ ವರ್ಷ ಮಕ್ಕಳ ಕೈಗೆ ಪುಸ್ತಕವಿಲ್ಲ. ಇನ್ನೊಂದು ಪ್ರತಿ ಮಾಡಿಡಬೇಕು, ಮಾಡಿಡಬೇಕು ಎಂದುಕೊಳ್ಳುತ್ತಲೇ ಅವಳು ದಿನ ತಳ್ಳಿದ್ದಳು. ಅಷ್ಟರಲ್ಲಿ ಯಾವುದೋ ಅಪ್‌ಡೇಟ್ ಅರ್ಧಕ್ಕೆ ನಿಂತು, ಲ್ಯಾಪ್‌ಟಾಪು ತಾನೇ ಆರಿ ತಾನೇ ಹತ್ತುವ ಚಾಳಿ ಹಿಡಿಯಿತು. ನಿಮ್ಮ ವರ್ಕ್‌ಶಾಪಿನ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೊಡು, ನೀನು ಮಾತ್ರ ಮುಟ್ಟಬೇಡ ಎಂದು ಸಾರಿ ಸಾರಿ ಹೇಳಿ ಅವನ ಕೈಗೆ ಕೊಟ್ಟಿದ್ದಳು.

ವರ್ಕ್‌ಶಾಪಿನ ಗೋಡೆಯ ತುಂಬ ಉಕ್ಕಿನ ಹಗ್ಗದ ಸುರುಳಿಗಳು. ಮೂಲೆಯಲ್ಲಿದ್ದ ಬಾಗಿಲಿಲ್ಲದ ಹಳೇ ಲಿಫ್ಟಿನೊಳಗೆ ಕೆಲಸದವರ ಶರ್ಟುಗಳು ನೇತಾಡುತ್ತಿದ್ದವು. ಉದ್ದನೆಯ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪು ಹಿಂದಿನ ಮುಚ್ಚಳ ಕಳಚಿಕೊಂಡು ಕೂತಿತ್ತು. ಯಾವ ಡಿಸ್ಕೂ ಸಿಗಲಿಲ್ಲ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದುವ ತಾಳ್ಮೆ ಅವಳಿಗೆಲ್ಲಿಂದ ಬರಬೇಕು.

ಅವನು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದ. ಅಂಗಡಿಗೆ ಯಾಕೆ, ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕಿದರಾಯಿತು ಎಂದು ಪೆನ್‌ಡ್ರೈವ್ ತಯಾರು ಮಾಡಿದನಂತೆ. ಹಳೇ ಫೈಲು ಉಳಿಸಲಾ ಎಂದು ಅದೇ ಕೇಳುತ್ತದೆ ಅಂದುಕೊಂಡನಂತೆ. ಅದು ಡಿಸ್ಕೇ ಇಲ್ಲ ಅಂದಿತು. ಸತ್ತಿದೆ ಅಂದುಕೊಂಡು ಹೊಸ ಡಿಸ್ಕ್ ತಂದು ಹಾಕಿದ. ಅದೂ ಕಾಣಲಿಲ್ಲ. ಡಬ್ಬಾ ಮಾಲು ಕೊಟ್ಟೆ ಎಂದು ಅಂಗಡಿಯವನ ಹತ್ತಿರ ಜಗಳವನ್ನೂ ಆಡಿ ಬಂದಿದ್ದ.

"ಹಳೇದೆಲ್ಲಿ?"

ಅವನು ಟೂಲ್ ಬಾಕ್ಸ್ ತೆರೆದ. ನಟ್ಟು, ಬೋಲ್ಟು, ಸ್ಪ್ಯಾನರುಗಳ ನಡುವೆ, ಚೂಯಿಂಗ್ ಗಮ್ಮಿನಷ್ಟು ತೆಳ್ಳಗೆ, ಮೈಮೇಲೊಂದು ಗ್ರೀಸಿನ ಬೆರಳಚ್ಚು ಹೊತ್ತು, ಅವಳ ಇಡೀ ಪುಸ್ತಕ ಬಿದ್ದಿತ್ತು.

ಆ ಹೊತ್ತಿನಲ್ಲಿ ಅವನು ಸುಮ್ಮನಿದ್ದಿದ್ದರೆ ಅರ್ಧ ಬಚಾವಾಗುತ್ತಿದ್ದ. ಆದರೆ ಬಾಯಿ ಬಿಟ್ಟ. "ನೀನೇ ಹೇಳಿದ್ದೆಯಲ್ಲ, ಏನಾದ್ರೂ ಮಾಡ್ಕೊ, ಹಾಳಾಗ್ಹೋಗ್ಲಿ ಅಂತ."

ಹೇಳಿದ್ದು ನಿಜ. ಬೆಳಗಿಂದ ಸಂಜೆವರೆಗೆ ಫೋನ್ ಮಾಡಿ ನಾನೇ ನೋಡ್ಲಾ, ನಾನೇ ನೋಡ್ಲಾ ಎಂದು ತಲೆ ತಿಂದವನಿಗೆ ಸ್ಟಾಫ್ ರೂಮಿನ ಗಲಾಟೆಯಲ್ಲಿ ರೋಸಿಹೋಗಿ ಹಾಗಂದಿದ್ದಳು. ಅದನ್ನು ಅವನು ಅಪ್ಪಣೆಯೆಂದು ಜೇಬಿಗಿಟ್ಟುಕೊಂಡಿದ್ದ.

"ನಮ್ಮ ಶಾಲೆ ಗೋಡೆ ಮೇಲೆ ಏನು ಬರೆದಿದೆ?" ಎಂದಳು. ದನಿ ತಣ್ಣಗಿತ್ತು. ಅವನಿಗೆ ಅವಳ ಕೂಗಾಟ ಗೊತ್ತಿತ್ತು, ಈ ದನಿ ಗೊತ್ತಿರಲಿಲ್ಲ.

"ಹೇಳಿ ಮುಟ್ಟು."

ಆ ಶಾಲೆಯಲ್ಲಿ ಒಂದು ಕುರ್ಚಿಯನ್ನೂ ಬಾಯಿಬಿಟ್ಟು ಹೇಳದೆ ಯಾರೂ ಸರಿಸುವಂತಿಲ್ಲ. ಮಕ್ಕಳಿಗೆ ಪ್ರತಿ ವಸ್ತುವಿನ ಜಾಗವೇ ಅದರ ಗುರುತು. ಇವನು ಒಮ್ಮೆ ಲ್ಯಾಬಿನ ಬೀರುವಿನ ಬಾಗಿಲು ರಿಪೇರಿಗೆ ಬಂದವನು, ಅದೂ ಇರಲಿ ಎಂದು ಒಳಗಿನದನ್ನೆಲ್ಲ ಚೆಂದವಾಗಿ ಜೋಡಿಸಿಟ್ಟು ಹೋಗಿದ್ದ. ಮರುದಿನ ಮಕ್ಕಳು ತಮ್ಮ ಸಾಮಾನಿಗೇ ತಡಕಾಡಿದರು. ಒಂದು ಮಗು ಬೀಕರ್ ಬೀಳಿಸಿ ಕೈ ಕುಯ್ದುಕೊಂಡಿತು. ಆಗ ಅವಳು ಕ್ಷಮಿಸಿದ್ದಳು.

"ನಿಂಗೆ ಯಾರ ಸಾಮಾನಾದ್ರೂ ನಿಂದೇ. ನಾಳೆ ನನ್ನ ಕೆಲಸ, ನನ್ನ ಸಂಬಳ, ನನ್ನ ತಲೆ, ಎಲ್ಲ ಬಿಚ್ಚಿ ಸರಿಮಾಡ್ತೀಯ. ನಂಗೆ ಮೆಕ್ಯಾನಿಕ್ ಬೇಡ ಕಣೋ, ಗಂಡ ಬೇಕಾಗಿತ್ತು. ಮದುವೆ ಮಾತು ಇಲ್ಲಿಗೆ ಮುಗೀತು."

ಬಾಗಿಲಲ್ಲಿ ತಿರುಗಿ ನಿಂತಳು. "ಅದನ್ನ ಮುಟ್ಟಬೇಡ. ನಾಳೆ ಬಂದು ತಗೊಂಡು ಹೋಗ್ತೀನಿ."

ಮನೆಗೆ ಬಂದು ಅಕ್ಕನ ಮುಂದೆ ಅತ್ತಳು. ಅತ್ತದ್ದು ಪುಸ್ತಕಕ್ಕೋ ಅವನಿಗೋ ಎಂದು ಅಕ್ಕ ಕೇಳಿದ್ದಕ್ಕೆ ಅವಳ ಮೇಲೂ ಹರಿಹಾಯ್ದಳು. ಅವನ ಅಮ್ಮನಿಗೆ ಈಗಲೇ ಫೋನ್ ಮಾಡಿ ಸಂಬಂಧ ಬೇಡ ಅಂದುಬಿಡು ಎಂದು ಹಟ ಹಿಡಿದಳು. ಅಕ್ಕ ಇವಳ ಕೋಪವನ್ನು ತೊಟ್ಟಿಲಿನಿಂದ ಕಂಡವಳು. ನಾಳೆ ಸಂಜೆವರೆಗೆ ಯಾರಿಗೂ ಏನೂ ಹೇಳುವುದಿಲ್ಲ, ಆಮೇಲೆ ನೀನು ಹೇಳಿದ ಹಾಗೇ ಮಾಡುತ್ತೇನೆ ಎಂದು ಮಾತು ಮುಗಿಸಿ, ತಟ್ಟೆ ಹಾಕಿದಳು. ಇವಳು ಉಣ್ಣಲಿಲ್ಲ.

ಶನಿವಾರ ಬೆಳಗಿನ ತರಗತಿ. ಹಳೆಯ ಅಚ್ಚಿನ ಎಲೆಯ ಚಿತ್ರವನ್ನು ಹಂಚಿದಳು. ಕಿಟಕಿ ಪಕ್ಕದ ಹುಡುಗಿ ಹಾಳೆ ಸವರಿ, "ಮಿಸ್, ಇದ್ರಲ್ಲಿ ಏನೂ ಇಲ್ಲ" ಎಂದಳು. ಬೇರೆ ಹಾಳೆ ಕೊಟ್ಟರೆ ಅದರಲ್ಲೂ ಇಲ್ಲ ಎಂದಳು. ಟೀಚರಮ್ಮ ಹೋಗಿ ನೋಡಿದರೆ ಹುಡುಗಿಯ ಬೆರಳ ತುದಿಗೆ ಬ್ಯಾಂಡೇಜು. ಹೇಳಿಯೇ ಕೈ ಹಿಡಿದು, ಪಕ್ಕದ ಬೆರಳನ್ನು ಹಾಳೆಯ ಮೇಲಿಟ್ಟಳು. ಎಲೆಯೂ ಸಿಕ್ಕಿತು, ನರಗಳೂ ಸಿಕ್ಕವು.

ಅವಳು ಅಲ್ಲೇ ನಿಂತುಬಿಟ್ಟಳು. ಒಂದು ಹಾಳೆ ಖಾಲಿ ಎಂದರೆ ಹಾಳೆಯ ತಪ್ಪಿರಬಹುದು. ಎರಡೂ ಖಾಲಿ ಎಂದರೆ ತಪ್ಪು ಬೆರಳಿನದು. ಹಳೇ ಡಿಸ್ಕೂ ಕಾಣಲಿಲ್ಲ, ಹೊಸದೂ ಕಾಣಲಿಲ್ಲ.

ಬೆಲ್ ಹೊಡೆದ ಕೂಡಲೇ ಅವನಿಗೆ ಫೋನ್ ಮಾಡಿ, ಹಲೋ ಕೂಡ ಅನ್ನದೆ ಹೇಳಿದಳು: "ಹೊಸದೂ ಕಾಣಿಸ್ಲಿಲ್ಲ ಅಂದ್ರೆ ಹಳೇದು ಸತ್ತಿಲ್ಲ ಕಣೋ."

"ನಿನ್ನೆ ನೀನು ಹೋದ್ಮೇಲೆ ನಂಗೂ ಹೊಳೀತು. ಪಾರ್ಟ್ ಬದಲಾಯಿಸಿದ್ರೂ ಅದೇ ತೊಂದ್ರೆ ಇದ್ರೆ ಪಾರ್ಟ್ ಚೆನ್ನಾಗಿದೆ ಅಂತ ನಮ್ಮ ಹುಡುಗ್ರಿಗೆ ದಿನಾ ಹೇಳ್ತೀನಿ. ಪರದೆ ಮೇಲಿನ ಎರಡನೇ ಸಾಲೂ ಓದ್ದೆ. ಸ್ಟೋರೇಜ್ ಡ್ರೈವರ್ ಕೊಡಿ ಅಂತಿದೆ."

"ಕೊಟ್ಟು ನೋಡಿದ್ಯಾ?"

"ಮುಟ್ಟಬೇಡ ಅಂದಿದ್ದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಜನ್ಮದಲ್ಲಿ ಒಂದು ಸಲ ನನ್ನ ಮಾತು ಕೇಳೋಕೆ ನಿಂಗೆ ಇದೇ ದಿನ ಸಿಕ್ತಾ?"

ಮಧ್ಯಾಹ್ನ ಅವಳು ವರ್ಕ್‌ಶಾಪಿಗೆ ಹೋದಾಗ ಲ್ಯಾಪ್‌ಟಾಪು ನಿನ್ನೆ ಇದ್ದ ಹಾಗೇ ಇತ್ತು. ಧೂಳು ಬೀಳದಿರಲೆಂದು ಮೇಲೊಂದು ಒಗೆದ ಟವೆಲ್ ಮಾತ್ರ ಹೊದಿಸಿದ್ದ. ಅವನು ಮೇಜಿನಿಂದ ದೂರ ಸ್ಟೂಲಿನ ಮೇಲೆ, ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ. ಕಣ್ಣು ಕೆಂಪಗಿದ್ದವು. ನೋಡಿ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಕೋಪ ಬಂತು.

ಆಫೀಸಿನ ಕಂಪ್ಯೂಟರಿನಲ್ಲಿ ಡ್ರೈವರ್ ಇಳಿಸಿ, ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ ಎಂದ. ಈ ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೂ ಮಿಕ್ಕಿದ್ದಕ್ಕೂ ನಡುವೆ ಒಬ್ಬ ದಲ್ಲಾಳಿಯಿದ್ದಾನೆ, ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿಗೆ ಅವನ ಪರಿಚಯವಿಲ್ಲ, ಅದಕ್ಕೇ ಅವನ ಹಿಂದಿರುವ ಡಿಸ್ಕೂ ಕಾಣುವುದಿಲ್ಲ, ಆ ಪರಿಚಯ ಮಾಡಿಸುವುದೇ ಡ್ರೈವರ್ ಎಂದು ವಿವರಿಸಿದ. ಕಂಪನಿಯವರ ಸೈಟಿನಲ್ಲಿ ಸಿಗುವ ಫೈಲನ್ನು ಹಾಗೇ ಕೊಟ್ಟರೆ ಆಗದು. ಅದು ಕಟ್ಟಿದ ಗಂಟಿನ ಹಾಗೆ, ಬಿಚ್ಚಿ ಒಳಗಿನ ಸಣ್ಣ ಫೈಲುಗಳನ್ನು ಒಂದು ಫೋಲ್ಡರಿನಲ್ಲಿಡಬೇಕು. ಅದನ್ನೂ ಮಾಡಿಟ್ಟಿದ್ದ. "ನಿನ್ನ ಲ್ಯಾಪ್‌ಟಾಪ್ ಮುಟ್ಟಿಲ್ಲ" ಎಂದು ಇನ್ನೊಂದು ಸಲ ಹೇಳಿದ.

"ಸರಿ, ಮಾಡು" ಎಂದಳು, ಬೇರೆ ಕಡೆ ನೋಡುತ್ತ.

"ಹೊಸ ಡಿಸ್ಕ್ ತೆಗೀತೀನಿ" ಎಂದ. ಅವಳು ಹೂಂ ಅಂದ ಮೇಲೆ ತೆಗೆದ. "ಹಳೇದನ್ನ ಒರೆಸಿ ಕೂರಿಸ್ತೀನಿ." ಹೂಂ. "ಸ್ಕ್ರೂ ಹಾಕ್ತೀನಿ." ಹೂಂ. ಶಾಲೆಯಲ್ಲಿ ಮಕ್ಕಳ ಮುಂದೆ ಹೇಳುವ ಹಾಗೆ, ತಮಾಷೆಯಿಲ್ಲದೆ, ಒಂದೊಂದನ್ನೂ ಹೇಳಿದ. ಅವಳ ಮುಖ ಕಿಟಕಿಯ ಕಡೆಗಿದ್ದರೂ ಕಣ್ಣು ಅವನ ಬೆರಳುಗಳ ಮೇಲೆಯೇ ಇತ್ತು. ಆ ಬೆರಳುಗಳು ಇಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಮತ್ತೆ ಅದೇ ಪರದೆ ಬಂತು. 'ಲೋಡ್ ಡ್ರೈವರ್' ಒತ್ತಿ, ಪೆನ್‌ಡ್ರೈವಿನ ಫೋಲ್ಡರ್ ತೋರಿಸಿದ. ಒಂದು ಹೆಸರು ಕಾಣಿಸಿತು, ಅದನ್ನು ಆರಿಸಿದ. ನೀಲಿ ಪಟ್ಟಿ ನಿಧಾನವಾಗಿ ತುಂಬಿತು.

ಡಿಸ್ಕು ಕಾಣಿಸಿತು. ಅದರ ಭಾಗಗಳು ಒಂದರ ಕೆಳಗೊಂದು ನಿಂತವು. ದೊಡ್ಡ ಭಾಗದಲ್ಲಿ ಜಾಗ ಮುಕ್ಕಾಲುಪಾಲು ತುಂಬಿತ್ತು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಅವನ ಬೆರಳು ಅಭ್ಯಾಸಬಲದಿಂದ 'ನೆಕ್ಸ್ಟ್' ಕಡೆ ಹೊರಟಿತ್ತು. ಅರ್ಧದಲ್ಲೇ ನಿಂತಿತು. ಅವನು ಕೈ ಹಿಂದಕ್ಕೆಳೆದುಕೊಂಡು ಬಹಳ ಹೊತ್ತು ಪರದೆಯನ್ನೇ ನೋಡಿದ.

"ಒಂದು ಹೇಳ್ಬೇಕು. ಆವತ್ತು ಮೊದಲ ಸಲಕ್ಕೇ ಡಿಸ್ಕ್ ಕಾಣಿಸಿದ್ರೆ ನಾನು ಇದನ್ನ ಒತ್ತಿಬಿಡ್ತಿದ್ದೆ. ಎಲ್ಲ ಅಳಿಸಿಹೋಗ್ತಿತ್ತು. ಪುಸ್ತಕ ಉಳಿದಿದ್ದು ನಂಗೆ ಡ್ರೈವರ್ ವಿಷ್ಯ ಗೊತ್ತಿಲ್ದೇ ಇದ್ದಿದ್ರಿಂದ, ನನ್ನ ಜಾಣತನದಿಂದ ಅಲ್ಲ."

ಅವನು ಇದನ್ನು ಹೇಳದೆ ಇದ್ದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಪುಸ್ತಕ ಉಳಿಸಿಕೊಟ್ಟವನಾಗಿ ಎದೆಯುಬ್ಬಿಸಿ ನಿಲ್ಲಬಹುದಿತ್ತು. ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅವನ ಎದೆಗೊರಗಿ ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ನುಂಗಿಕೊಂಡು, "ಮೊದ್ಲು ಹಿಂದಕ್ಕೆ ಬಾ. ನನ್ನ ಫೈಲು ಕಾಪಿ ಆಗ್ಲಿ" ಎಂದಳು.

ಅದಕ್ಕೂ ಒಂದು ದಾರಿಯಿತ್ತು. ದಲ್ಲಾಳಿಯ ಪರಿಚಯವಾದ ಮೇಲೆ ಅದೇ ಇನ್‌ಸ್ಟಾಲರಿನೊಳಗೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಅಲ್ಲಿಂದ ಹಳೇ ಫೋಲ್ಡರನ್ನು ಪೆನ್‌ಡ್ರೈವಿಗೆ ಸಾಗಿಸಬಹುದಿತ್ತು. ಅವನು ದಾರಿ ಹೇಳಿದ, ಅವಳು ಟೈಪ್ ಮಾಡಿದಳು. ಎಲೆ, ಕಪ್ಪೆ, ಕಿವಿ, ಹೃದಯ ಒಂದೊಂದಾಗಿ ಸಾಲಿನಲ್ಲಿ ಬಂದವು. ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತೆರೆದು ನೋಡಿ, ಅಲ್ಲೊಂದು, ಅಕ್ಕನಿಗೊಂದು, ಪ್ರೆಸ್ಸಿಗೊಂದು ಪ್ರತಿ ಕಳಿಸಿದಳು. ವಾಪಸ್ಸು ಬಂದು ಲ್ಯಾಪ್‌ಟಾಪಿನ ಮುಂದೆ ಕೂತು, 'ನೆಕ್ಸ್ಟ್' ಅನ್ನು ತಾನೇ ಒತ್ತಿದಳು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಸಂಜೆ ಆಯ್ತಲ್ಲ, ಅವನ ಅಮ್ಮನಿಗೆ ಏನು ಹೇಳಲಿ ಎಂದು ಅಕ್ಕ ಕೇಳುತ್ತಿದ್ದದ್ದು ಅವನಿಗೂ ಕೇಳಿಸಿತು. ಅವನು ಕಣ್ಣು ಕೂಡ ಎತ್ತಲಿಲ್ಲ. ಕೈಗಳು ಮತ್ತೆ ತೊಡೆಯ ಕೆಳಗೆ ಹೋಗಿದ್ದವು.

"ದಿನ ಯಾವಾಗ ಗೊತ್ತುಮಾಡ್ತಾರೆ ಅಂತ ಕೇಳು" ಎಂದಳು ಅವಳು. "ಕೋಪ ಇನ್ನೂ ಇದೆ ಅಂತಾನೂ ಹೇಳು."

ಫೋನನ್ನು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಇನ್‌ಸ್ಟಾಲ್ ಸಾಗುತ್ತಿತ್ತು. ಅವನ ನೋಟ ಅವಳ ಕಣ್ಣಿಗೆ ಬಂದು, ಅಲ್ಲಿಂದ ಜಾರಿ ಕೆನ್ನೆಗಿಳಿದು ನಿಂತಿತು. ಅವಳು ನೋಡಿಯೂ ನೋಡದವಳ ಹಾಗಿದ್ದಳು.

"ಕೆನ್ನೆ ಮೇಲೆ ಗ್ರೀಸ್ ಆಗಿದೆ" ಎಂದ. "ಒರೆಸ್ತೀನಿ."

ಅವನ ಕೈ ಅವಳ ಮುಖದ ಹತ್ತಿರ ಬಂದು, ಗಾಳಿಯಲ್ಲಿ ಹಾಗೇ ಕಾಯುತ್ತಿತ್ತು. ಅವಳು ಬೇಕೆಂದೇ ತಡಮಾಡಿದಳು. ಸ್ವಲ್ಪ ಕಾಯಲಿ, ನಿನ್ನೆಯಿಂದ ತನ್ನ ಹೊಟ್ಟೆ ಉರಿಸಿದವನು.

"ಹೂಂ" ಎಂದಳು ಕೊನೆಗೆ.

ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ. ಒರೆಸಿದಷ್ಟೂ ಕಪ್ಪು ಕಿವಿಯವರೆಗೆ ಹರಡಿತು, ಏಕೆಂದರೆ ಗ್ರೀಸೆಲ್ಲ ಇದ್ದದ್ದು ಅವನ ಕೈಯಲ್ಲೇ. ಫೋನಿನ ಕಪ್ಪು ಪರದೆಯಲ್ಲಿ ತನ್ನ ಮುಖ ನೋಡಿಕೊಂಡು ಅವಳು ಬೈಯಲು ಬಾಯಿ ತೆರೆದಳು. ಬಂದದ್ದು ನಗು. ನಗುತ್ತಲೇ ಅವನ ಕೈಯನ್ನು ಅಲ್ಲಿಂದ ತೆಗೆಯಗೊಡದೆ, ಏನೂ ಹೇಳದೆ, ಗಟ್ಟಿಯಾಗಿ ಹಿಡಿದುಕೊಂಡಳು.