ಆರನೇ ಸ್ಕ್ರೂ

"ಇನ್ನೊಂದ್ಸಲ ಮುಟ್ಟಿ ನೋಡು. ಬಿಸಿ ಆಯ್ತಾ?" ಅಪ್ಪ ಗಾಡಿಯ ಮುಂಭಾಗದಿಂದ ಕೂಗಿದ.

ತೂವಾ ಹಿಂದಿನ ಹಾಸಿಗೆಯ ಪಕ್ಕ ಗೋಡೆಗೆ ಅಂಟಿಕೊಂಡಿದ್ದ ಪೈಪಿನ ಮೇಲೆ ಕೈಯಿಟ್ಟಳು. "ಇಲ್ಲಪ್ಪ. ಐಸ್‌ಕ್ರೀಮ್ ಥರ ಇದೆ."

ಅಪ್ಪ ಏನೋ ಒಂದು ಬೈದ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಹೊರಗೆ ಮೈನಸ್ ಹದಿನೆಂಟು. ಚಳಿಗಾಲದ ರಜೆಯ ಮೊದಲನೇ ದಿನ. ಹೆಪ್ಪುಗಟ್ಟಿದ ಸರೋವರದ ಪಕ್ಕ, ಒಳಗೇ ಅಡುಗೆ, ಹಾಸಿಗೆ ಎಲ್ಲ ಇರುವ ಮನೆಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲ ಗಾಡಿಗಳ ಒಳಗೂ ಜನ ಬರೀ ಬನಿಯನ್‌ನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ತೂವಾಳ ಗಾಡಿಯಲ್ಲಿ ಮಾತ್ರ ಅಜ್ಜಿ ಎರಡು ಟೋಪಿ ಹಾಕಿಕೊಂಡಿದ್ದಳು.

"ಅಳಿಯಂದ್ರೇ, ಮೂರು ಗಂಟೆ ತನಕ ನೋಡ್ತೀನಿ," ಅಂದಳು ಅಜ್ಜಿ. "ಆಮೇಲೆ ಮನೆಗೆ ಹೊರಡೋದೇ. ನಂಗೆ ಹಾಸಿಗೇಲಿ ಮೀನಿನ ಥರ ಹೆಪ್ಪುಗಟ್ಟೋ ಆಸೆ ಇಲ್ಲ."

ಮನೆಗೆ ಹೋದರೆ ರಜೆ ಮುಗಿದ ಹಾಗೆಯೇ. ಗಡಿಯಾರ ಆಗಲೇ ಎರಡು ತೋರಿಸುತ್ತಿತ್ತು.

ಗಾಡಿಯ ಬಾಯ್ಲರ್, ಕೂಲಂಟ್ ಅನ್ನುವ ಹೆಪ್ಪುಗಟ್ಟದ ಕೆಂಪು ದ್ರವವನ್ನು ಕಾಯಿಸುತ್ತದೆ. ಅದು ಪೈಪಿನಲ್ಲಿ ಗೋಡೆಗುಂಟ ಸುತ್ತಿದರೆ ಗಾಡಿಯೆಲ್ಲ ಬೆಚ್ಚಗೆ. ನಡುವೆ ಗಾಳಿ ಸೇರಿಕೊಂಡರೆ ಅಷ್ಟೇ, ಸುತ್ತುವುದಿಲ್ಲ. ಬೆಳಿಗ್ಗೆ ನೋಡಿದಾಗ ಬೀರುವಿನೊಳಗಿನ ಟ್ಯಾಂಕಿನಲ್ಲಿ ಕೂಲಂಟ್ ತಳ ಸೇರಿತ್ತು. ಅಪ್ಪ ಬಕೆಟ್ಟಿನಲ್ಲಿ ಅರ್ಧ ಕೂಲಂಟ್, ಅರ್ಧ ನೀರು ಬೆರೆಸಿ ತುಂಬಿದ. ಆಮೇಲೆ ಜರ್ಮನ್ ಭಾಷೆಯ ಪುಸ್ತಕ ಹಿಡಿದು, ಗಾಳಿ ಬಿಡುವ ಐದು ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿದ.

"ಪುಸ್ತಕದಲ್ಲಿ ಐದೇ ಇರೋದು," ಅಂದ.

"ನಿಮಗೆ ಬರೋ ಜರ್ಮನ್ ಅಂದ್ರೆ ಬಿಯರ್ ಕೇಳೋದು ಒಂದೇ," ಅಂದಳು ಅಜ್ಜಿ.

ಅಪ್ಪನ ಕಿವಿ ಕೆಂಪಾಯಿತು. ಅವನು ಫೋನ್ ಎತ್ತಿಕೊಂಡ. "ಎಲ್ಲ ಆ ಎವರ್ಟ್ ಮುದುಕನ ಕೆಲಸ! ತೂತು ಗಾಡೀನ ನಮ್ಮ ತಲೆಗೆ ಕಟ್ಟಿದ್ದಾನೆ. ಚೆನ್ನಾಗಿ ಉಗೀತೀನಿ ಇವತ್ತು."

ಎವರ್ಟ್ ತಾತ ಗಾಡಿ ಮಾರುವ ದಿನ ತೂವಾಳಿಗೆ ಹತ್ತು ಸಲ ಹಾರ್ನ್ ಹೊಡೆಯಲು ಬಿಟ್ಟಿದ್ದ. ಗಾಡಿ ಹೊರಡುವಾಗ ಅವನ ಕಣ್ಣಲ್ಲಿ ನೀರಿತ್ತು.

ಗಾಡಿ ತೂತಾಗಿರಲಿಲ್ಲ. ಹೋದ ಶನಿವಾರ, ಗಾಡಿ ಮನೆಯಂಗಳದಲ್ಲಿದ್ದಾಗ, ಹಾಸಿಗೆಯ ಹಿಂದೆ ಪುಟ್ಟ ಸ್ಕ್ರೂ ಒಂದು ಕಂಡಿತ್ತು. ತೂವಾ ನಾಣ್ಯ ಇಟ್ಟು ತಿರುಗಿಸಿದ್ದಳು. ಚಿರ್ ಅಂತ ಕೆಂಪು ನೀರು ಹಾರಿತ್ತು. ಸ್ಕ್ರೂ ಮತ್ತೆ ಬಿಗಿಯುವಷ್ಟರಲ್ಲಿ ಎರಡು ಟವೆಲ್ ತೊಯ್ದಿದ್ದವು. ಎರಡನ್ನೂ ಪಕ್ಕದ ಮನೆಯವರ ಕಸದ ಡಬ್ಬಿಗೆ ಹಾಕಿ ಬಂದಿದ್ದಳು.

ಫೋನ್ ರಿಂಗಾಗುತ್ತಿತ್ತು.

"ಅಪ್ಪ, ಕಟ್ ಮಾಡು! ನಾನೇ ಮಾಡಿದ್ದು!"

ಅಪ್ಪ ಕಟ್ ಮಾಡಿದ. ತೂವಾ ಟವೆಲಿನವರೆಗೆ ಎಲ್ಲ ಹೇಳಿದಳು. ಅವಳು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದಳು.

"ಯಾವ ಸ್ಕ್ರೂ?" ಅಂದ ಅಪ್ಪ.

"ಹಾಸಿಗೆ ಹಿಂದಿಂದು."

"ಅಲ್ಲೂ ಒಂದಿದ್ಯಾ?"

ಅಜ್ಜಿ ನಕ್ಕ ರಭಸಕ್ಕೆ ಮೇಲಿನ ಟೋಪಿ ಕೆಳಗೆ ಬಿತ್ತು.

ಅಪ್ಪ ಬಾಯ್ಲರ್ ಆರಿಸಿ ಹಾಸಿಗೆಯ ಹಿಂದೆ ಕೈ ತೂರಿಸಿದ. ಕೈ ಹೋಗಲಿಲ್ಲ. ತೂವಾಳ ಕೈ ಹೋಯಿತು. ಸ್ಕ್ರೂ ತಿರುಗಿಸಿದರೆ ಪುಸ್ ಅಂತ ಚೂರೇ ಚೂರು ಗಾಳಿ, ಆಮೇಲೆ ಕೆಂಪು ಹನಿ. ಮುಚ್ಚಿ ಬಾಯ್ಲರ್ ಹಚ್ಚಿದರೂ ಪೈಪು ತಣ್ಣಗೇ ಇತ್ತು.

"ಗಾಳಿ ಮೇಲಕ್ಕೆ ಹೋಗೋ ವಸ್ತು," ಅಂದಳು ಅಜ್ಜಿ. "ನೀವು ಗಾಡೀನ ಹಲಗೆ ಥರ ಮಟ್ಟಸವಾಗಿ ನಿಲ್ಸಿದ್ದೀರ. ಅದು ನಡುವೆ ಎಲ್ಲೋ ಹಾಯಾಗಿ ಮಲಗಿದೆ. ಗಾಡಿ ಹಿಂಭಾಗ ಎತ್ತಿ, ಈ ಸ್ಕ್ರೂ ಹತ್ರ ತಾನೇ ಬರುತ್ತೆ."

"ವಾರೆ ನಿಲ್ಸೋದಾ? ಎಲ್ಲರ ಎದುರಿಗಾ?"

ಅಪ್ಪನ ಗೋಳು ಸುಳ್ಳಲ್ಲ. ಮನೆಗಾಡಿಯವರಿಗೆ ಮಟ್ಟ ಅಂದರೆ ಮರ್ಯಾದೆ. ಮೇಜಿನ ಮೇಲಿಟ್ಟ ಮೊಟ್ಟೆ ಉರುಳಬಾರದು. ಬೆಳಿಗ್ಗೆ ಅಪ್ಪ ರಸಮಟ್ಟ ಹಿಡಿದು ಅರ್ಧ ಗಂಟೆ ಒದ್ದಾಡಿದ್ದ.

ಆದರೂ ಬಾಯ್ಲರ್ ಆರಿಸಿ, ಹಿಂದಿನ ಚಕ್ರಗಳಿಗೆ ಇಳಿಜಾರು ದಿಮ್ಮಿ ಕೊಟ್ಟು ರಿವರ್ಸ್ ಹತ್ತಿಸಿದ. ಗಾಡಿಯ ಹಿಂಭಾಗ ಮೇಲೆದ್ದಿತು. ಬನ್ನಿನ ತಟ್ಟೆ ಜಾರಿ ಅಜ್ಜಿಯ ಮಡಿಲು ಸೇರಿತು.

ಪಕ್ಕದ ಗಾಡಿಯವನು ರಸಮಟ್ಟ ಹಿಡಿದು ಹಿಮದಲ್ಲಿ ಓಡಿ ಬಂದ. "ಸ್ವಾಮೀ, ನಿಮ್ಮ ಗಾಡಿ ವಾರೆ ಇದೆ!"

"ಬೇಕಂತಲೇ!" ಅಂತ ಮೂವರೂ ಕೂಗಿದರು.

ತೂವಾ ಮತ್ತೆ ಕೈ ತೂರಿಸಿ ಸ್ಕ್ರೂ ತಿರುಗಿಸಿದಳು.

ಬುರ್ರ್ರ್... ಪೂಂಯ್... ಪುಸ್ಸ್ಸ್...

"ಅದು ನಾನಲ್ಲ," ಅಂದಳು ಅಜ್ಜಿ, ಬನ್ನು ಜಗಿಯುತ್ತಾ.

ಗಾಳಿ ಹೋಗುತ್ತಲೇ ಇತ್ತು. ಕೊನೆಗೆ ಕೆಂಪು ಹನಿ ತೂವಾಳ ಮೂಗಿಗೇ ಹಾರಿತು. ಅವಳು ಗಟ್ಟಿಯಾಗಿ ಮುಚ್ಚಿದಳು. ಅಪ್ಪ ಟ್ಯಾಂಕಿಗೆ ಇನ್ನಷ್ಟು ತುಂಬಿ ಬಾಯ್ಲರ್ ಹಚ್ಚಿದ. ಮೂರಕ್ಕೆ ಐದು ನಿಮಿಷ ಇರುವಾಗ ಹಾಸಿಗೆಯ ಪಕ್ಕದ ಪೈಪು ಬಿಸಿಯಾಯಿತು. ಅಜ್ಜಿ ಇನ್ನೊಂದು ಟೋಪಿಯನ್ನೂ ತೆಗೆದಳು.

"ಅಪ್ಪ, ನಂಗೆ ಬೈಯಲ್ವಾ?"

"ಬೈತೀನಿ. ಕೈ ಬೆಚ್ಚಗಾಗ್ಲಿ ಮೊದ್ಲು."

ಅಷ್ಟರಲ್ಲಿ ಅಪ್ಪನ ಫೋನ್ ಹೊಡೆದುಕೊಂಡಿತು. ಎವರ್ಟ್! ಅಪ್ಪ ಫೋನನ್ನು ಬಿಸಿ ಆಲೂಗಡ್ಡೆ ಹಿಡಿದ ಹಾಗೆ ಹಿಡಿದುಕೊಂಡ. ಅಜ್ಜಿ ಹುಬ್ಬೇರಿಸಿ ನೋಡುತ್ತಿದ್ದಳು.

"ಹಲೋ, ಎವರ್ಟ್ ಅವ್ರೇ... ಹೌದು, ನಾನೇ ಫೋನ್ ಮಾಡಿದ್ದೆ... ಅದು... ನಿಜ ಹೇಳ್ಬೇಕಂದ್ರೆ, ನಿಮಗೆ ಬೈಯೋಕೆ ಅಂತ ಮಾಡಿದ್ದೆ." ಅಪ್ಪನ ದನಿ ಚಿಕ್ಕದಾಯಿತು. ಬೆರಳು ಅಂಗಿಯ ಗುಂಡಿಯನ್ನು ತಿರುಚುತ್ತಿತ್ತು. "ಇಲ್ಲ, ಗಾಡೀಲಿ ಏನೂ ದೋಷ ಇಲ್ಲ. ನಾವೇ ಒಂದು ಸ್ಕ್ರೂ ತಿರುಗಿಸಿ ಎಡವಟ್ಟು ಮಾಡ್ಕೊಂಡ್ವಿ. ತಪ್ಪಾಯ್ತು."

ತೂವಾ ಅಪ್ಪನನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ತಾನೂ ಹೀಗೇ ತಪ್ಪು ಒಪ್ಪಿಕೊಂಡಿದ್ದಳು. ದೊಡ್ಡವರಾದ ಮೇಲೂ ಅದು ಸಲೀಸಾಗುವುದಿಲ್ಲ ಅಂತ ಕಾಣುತ್ತದೆ. ಅಪ್ಪ ಅವಳ ಹೆಸರನ್ನೂ ಹೇಳಲಿಲ್ಲ. ಆ ಸ್ಕ್ರೂ ಇರುವುದೇ ಗೊತ್ತಿರದವನು, ನಾವೇ ಅಂದುಬಿಟ್ಟಿದ್ದ.

ಬೈಗುಳ ಇನ್ನೂ ಬಾಕಿ ಇತ್ತು. ಬರಲಿ ಬಿಡು ಅಂದುಕೊಂಡು ಅವಳು ಅಪ್ಪನಿಗೆ ಅಂಟಿಕೊಂಡು ಕೂತಳು.