ತಡೀರಿ, ಪುಟಾ ತಿರುವಬ್ಯಾಡ್ರಿ!

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೀತಿಯ ಕಥೆ ಹೇಳುವಷ್ಟು ದೊಡ್ಡ ಮಾತು ನನ್ನ ಬಳಿ ಇಲ್ಲ. ಸಂಜೆಯ ಕ್ಲಾಸಿನಲ್ಲಿ ಕಲಿತ ಅಕ್ಷರಗಳಲ್ಲಿ ಒಬ್ಬ ಹುಡುಗಿಯ ಮನಸ್ಸನ್ನು ಹಿಡಿಯಲು ಹೊರಟಿದ್ದೇನೆ. ಇದು ಅತಿಯಾಯಿತೇನೋ... ಆದರೂ ಹೇಳದೆ ಇರಲಾಗುತ್ತಿಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

*

“ತಡೀರಿ! ಪುಟಾ ತಿರುವಬ್ಯಾಡ್ರಿ!”

ಸುಧಾರಾಣಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಪುಸ್ತಕ ಜಾರಿ ಮಡಿಲಿಗೆ ಬಿತ್ತು.

ಸಂಶಿಯಿಂದ ಕುಂದಗೋಳಕ್ಕೆ ಹೊರಟ ಬೆಳಗಿನ ಬಸ್ಸು. ರೈಲ್ವೆ ಗೇಟಿನ ಹತ್ತಿರ ಹತ್ತಿದ ಯುವಕ ಯಾವಾಗ ಪಕ್ಕದಲ್ಲಿ ಕುಳಿತನೋ ಅವಳಿಗೆ ಗೊತ್ತೇ ಇರಲಿಲ್ಲ. ಉಗುರಿನ ತುಂಬ ನೀಲಿ ಬಣ್ಣ, ಅಂಗಿಯ ತೋಳಿನ ಮೇಲೆ ಹಳದಿ ಕಲೆ. ಕಣ್ಣು ಮಾತ್ರ ನೆಟ್ಟಗೆ ಅವಳ ಪುಸ್ತಕದ ಮೇಲೆ!

“ಏನ್ರಿ ಇದು? ಮಂದೀ ಪುಸ್ತಕದಾಗ ಇಣಕೋದು?” ಅವಳ ಧ್ವನಿ ಗಡುಸಾಯಿತು.

“ತಪ್ಪಾತ್ರಿ... ಆದ್ರ ಆ ಹುಡುಗಿ ಕೈಯಾಗಿನ ಚಾದ ಕಪ್ಪು ಹಿಂದಿನ ಪುಟದಾಗ ಒಡದ ಬಿದ್ದಿತ್ತಲ್ಲ? ಈ ಪುಟದಾಗ ಹೆಂಗ ಚಲೋ ಐತಿ?”

ಸುಧಾರಾಣಿ ಹಿಂದಿನ ಪುಟ ತೆಗೆದು ನೋಡಿದಳು.

ಅವಳು ಕುಂದಗೋಳದ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್. ತಾನು ಓದಿದ್ದು ಕನ್ನಡ ಶಾಲೆಯಲ್ಲಿ. ಅದೇ ಅವಳ ದಿನದ ಅಂಜಿಕೆ. ಯಾರೋ ಶಾಲೆಗೆ ಒಂದು ಪೆಟ್ಟಿಗೆ ತುಂಬ ಹಳೆಯ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಜಪಾನಿನ ಮಂಗಾ ಶೈಲಿಯ ಇಂಗ್ಲಿಷ್ ಕಾಮಿಕ್ಸ್, ಒಂದೇ ಕಥೆಯ ನಾಲ್ಕು ಭಾಗಗಳು. “ಮಕ್ಕಳಿಗೆ ಕೊಡಬಹುದೋ ಹೆಂಗ, ನೀವು ಓದಿ ಹೇಳ್ರಿ,” ಎಂದು ಹೆಡ್‌ಮೇಡಂ ಮಹಾನಂದಾ ಅವಳ ಕೈಗೆ ಕೊಟ್ಟಿದ್ದರು.

ಮೊದಲ ಭಾಗದ ರಟ್ಟು ಕಿತ್ತುಹೋಗಿತ್ತು. ಓದುತ್ತ ಹೋದಂತೆ ಅವಳಿಗೆ ಅಳುವೇ ಬರುತ್ತಿತ್ತು. ಎಮಿ ಎಂಬ ಹುಡುಗಿ ಮೊದಲು “ಇಲ್ಲ, ನಾನು ಬರಲಾರೆ” ಎನ್ನುತ್ತಾಳೆ. ಆಮೇಲೆ ರೆನ್ ಎಂಬ ದೋಣಿಯ ಹುಡುಗ “ನನ್ನ ಜೊತೆ ಬರುತ್ತೀಯಾ?” ಎಂದು ಕೇಳುತ್ತಾನೆ. ಕೇಳುವ ಮೊದಲೇ ಉತ್ತರ!

‘ನನಗೆ ಇಂಗ್ಲಿಷೇ ಬರುವುದಿಲ್ಲ... ಮೇಡಂ ಕೇಳಿದರೆ ಏನು ಹೇಳಲಿ?’ ಎಂದುಕೊಳ್ಳುತ್ತಿರುವಾಗಲೇ ಈ ಬಣ್ಣದ ಕೈಯವನು ಕಪ್ಪಿನ ಮಾತು ತೆಗೆದಿದ್ದ.

“ಹಿಂದಿನಿಂದ ಮುಂದಕ್ಕ ಬರ್ರಿ ನೋಡೂಣು,” ಅವನು ಅಂಜುತ್ತಲೇ ಹೇಳಿದ. “ಪುಟದಾಗಿನ ಚೌಕಾನೂ ಬಲಗಡಿಯಿಂದ.”

ಅವಳು ಹಾಗೆಯೇ ಓದಿದಳು. ರೆನ್ ಕೇಳಿದ. ಎಮಿ ಬರಲಾರೆ ಎಂದಳು. ಕಪ್ಪು ಕೈಯಿಂದ ಜಾರಿತು, ಒಡೆಯಿತು.

ಎಲ್ಲವೂ ತಿಳಿಯಿತು! ಪ್ರತಿಯೊಂದು ಮಾತೂ!

ಎದುರಿನ ಸೀಟಿನಲ್ಲಿ ಪಲ್ಲೆಯ ಬುಟ್ಟಿ ಇಟ್ಟುಕೊಂಡಿದ್ದ ರಾಜಮಾಬಿ ನಕ್ಕಳು. “ನಮ್ಮ ಉರ್ದು ಕಿತಾಬೂ ಹಂಗ ತೆರೀತಾವ ಬೇಟಿ. ನನ್ನ ಕೇಳಿದ್ರ ನಾನ ಹೇಳ್ತಿದ್ದೆ!”

ಸುಧಾರಾಣಿಗೂ ನಗು ಬಂತು. ಬಹಳ ದಿನಗಳಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲೊಂದು ಜಾರಿದ ಹಾಗಿತ್ತು.

“ನಿಮಗ ಇಂಗ್ಲಿಷ್ ಬರ್ತದೇನ್ರಿ?”

“ಒಂದ ಅಕ್ಷರಾನೂ ಇಲ್ರಿ. ನಾ ಮಾಳಿಂಗರಾಯ. ಟ್ರ್ಯಾಕ್ಟರ್ ಟ್ರೇಲರ್‌ಗಳಿಗಿ ಚಿತ್ರಾ ತಗೀತೀನಿ.” ಅವನು ನಾಚಿಕೊಂಡ. “ಅವರು ಏನ್ ಮಾತಾಡಾಕತ್ತಾರ... ಸ್ವಲ್ಪ ಹೇಳ್ತೀರೇನ್ರಿ?”

*

ಹೀಗೆ ಶುರುವಾಯಿತು.

ಅವಳು ಮಾತು ಓದಿ ಕನ್ನಡದಲ್ಲಿ ಹೇಳುವಳು. ಅವನು ಚಿತ್ರ ಓದುವನು. “ನೋಡ್ರಿ, ಈ ಚೌಕದಾಗ ಮಾತ ಇಲ್ಲ. ಬರೇ ಖಾಲಿ ಸಮುದ್ರ. ಅಂವಾ ಎಷ್ಟ ಹೊತ್ತು ಕಾದಾನ ಅಂತ ತೋರಸ್ಯಾರ,” ಎನ್ನುವನು. ಅವಳು ಮಾತಿಲ್ಲದ ಪುಟಗಳನ್ನು ಸರಸರನೆ ತಿರುವುವವಳು. ಈಗ ಅಲ್ಲೇ ನಿಲ್ಲುವುದನ್ನು ಕಲಿತಳು.

“ನಮ್ಮ ಟ್ರೇಲರ್‌ನೂ ಹಿಂಗ ಇರ್ತಾವ್ರಿ,” ಒಮ್ಮೆ ಅವನೆಂದ. “ಕಬ್ಬಿಣದ ಪಟ್ಟಿ ಬಡದು ಚೌಕಾ ಚೌಕಾ ಮಾಡಿರ್ತಾರ. ಕಡೀ ಚೌಕ ಮುಗದ ಮ್ಯಾಲ, ಅದರ ಬುಡಕ್ಕ ನನ್ನ ಹೆಸರು ಹಾಕ್ತೀನಿ. ಮುಗಿಯೂತನಕ ಹಾಕಂಗಿಲ್ಲ.”

“ಯಾಕ್ರಿ?”

“ಮುಗಿಯದ ಕೆಲಸಕ್ಕ ಹೆಸರು ಹಾಕಿದ್ರ ಅದು ಮುಗಿಯಂಗೇ ಇಲ್ಲ ಅಂತ ನಮ್ಮ ಉಸ್ತಾದ ಹೆದರಿಸಿಟ್ಟಾನ್ರಿ!”

ಬಸ್ಸಿನ ಹೊರಗೆ ಹೆಸರುಕಾಳಿನ ಹೊಲಗಳು ಖಾಲಿಯಾಗಿ ಕಡಲೆ ಬಿತ್ತನೆ ನಡೆಯಿತು. ಒಳಗೆ ಮೊದಲ ಭಾಗ ಮುಗಿದು ಎರಡನೆಯದು, ಮೂರನೆಯದು... ಸುಧಾರಾಣಿ ತನ್ನ ಬ್ಯಾಗನ್ನು ಪಕ್ಕದ ಸೀಟಿನ ಮೇಲಿಟ್ಟು ಜಾಗ ಹಿಡಿಯತೊಡಗಿದಳು. ರೈಲ್ವೆ ಗೇಟು ಹತ್ತಿರವಾದಂತೆ ಅವಳ ಕೈ ತಾನಾಗಿಯೇ ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳುತ್ತಿತ್ತು.

ಅವರಿಬ್ಬರ ನಡುವೆ ಒಂದೇ ಒಪ್ಪಂದ. ಯಾರೂ ಒಬ್ಬರೇ ಮುಂದೆ ಓದಬಾರದು.

‘ಇದು ಪುಸ್ತಕದ ಮೇಲಿನ ಪ್ರೀತಿಯೋ... ಅಥವಾ...’ ಆ ಪ್ರಶ್ನೆಯನ್ನು ಅವಳು ಎಂದೂ ಪೂರ್ತಿ ಕೇಳಿಕೊಳ್ಳಲಿಲ್ಲ.

*

ಆ ದಿನ ಸಂಶಿಯ ನೆಂಟರ ಮನೆಯಲ್ಲಿ ಉಳಿದಿದ್ದ ಸಹೋದ್ಯೋಗಿ ರೋಹಿಣಿ ಅದೇ ಬಸ್ಸು ಹತ್ತಿದಳು. ಬ್ಯಾಗಿದ್ದ ಸೀಟು ನೋಡಿ ಕಣ್ಣು ಮಿಟುಕಿಸಿದಳು.

“ಯಾರಿಗಲೇ ಈ ಸೀಟು? ದಿನಾ ಹಿಡದಿಡ್ತಿ ಅಂತ? ಸ್ಟಾಫ್ ರೂಮಿನ್ಯಾಗ ಹೇಳಬೇಕಾತು ನೋಡು!”

ಸುಧಾರಾಣಿ ಸೀಟಿನ ಮೇಲಿದ್ದ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಸ್ಟಾಫ್ ರೂಮ್... ಮಹಾನಂದಾ ಮೇಡಂ... ಊರು...

“ಯಾರಿಲ್ಲ ಬೇ. ಒಬ್ಬ ಪೇಂಟರ್ ಅದಾನ. ಓದಾಕ ಬರಂಗಿಲ್ಲ, ಚಿತ್ರಾ ನೋಡಾಕ ಬಾಜೂಕ ಬಂದ ಕುಂದರ್ತಾನ. ನನಗೂ ಸಾಕಾಗೇತಿ!”

ರೋಹಿಣಿ ನಕ್ಕಳು. ಸುಧಾರಾಣಿಯೂ ನಗಲು ನೋಡಿದಳು. ಬಾಯೆಲ್ಲ ಕಹಿಯಾಗಿತ್ತು.

ಆ ದಿನ ಗೇಟು ದಾಟಿದರೂ ಅವನು ಪಕ್ಕಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನವೂ...

‘ಬೇಸರವಾಗಿರಬೇಕು. ನಾನು ತಡವರಿಸಿ ಓದುವುದು ಕೇಳಿ ಯಾರಿಗೆ ತಾನೇ ಬೇಸರ ಬರುವುದಿಲ್ಲ?’

ಅವಳು ನಾಲ್ಕನೆಯ ಭಾಗವನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡಿದಳು. ತೆರೆಯಲಿಲ್ಲ. ಒಮ್ಮೆ ಬೆರಳು ಪುಟದ ಅಂಚಿಗೆ ತಾಗಿತು. ಕದ್ದವಳ ಹಾಗೆ ಕೈ ಹಿಂದೆ ತೆಗೆದುಕೊಂಡಳು. ಮೂರನೆಯ ಭಾಗದ ಕೊನೆಯಲ್ಲಿ ಎಮಿ ದಡದಲ್ಲಿ ನಿಂತಿದ್ದಳು. ದೋಣಿ ಬಂದಿರಲಿಲ್ಲ. ಈಗ ಎಮಿಯ ಸಂಕಟ ಅವಳಿಗೆ ಪೂರ್ತಿ ಅರ್ಥವಾಗಿತ್ತು, ಅದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ.

“ಮೇಡಂ, ಆ ಪುಸ್ತಕ ಓದಿ ಮುಗೀತೇನ್ರಿ?” ಮಹಾನಂದಾ ಮೇಡಂ ಕೇಳಿದರು.

“ಇನ್ನೂ ಇಲ್ರಿ ಮೇಡಂ... ಸ್ವಲ್ಪ ಉಳದೈತ್ರಿ.”

ಹೊಲದಲ್ಲಿ ಕಡಲೆ ಹೂವಾಯಿತು, ಕಾಯಿಯಾಯಿತು. ಬ್ಯಾಗು ಮಾತ್ರ ಪಕ್ಕದ ಸೀಟಿನ ಮೇಲೆಯೇ ಇತ್ತು. ಗೇಟು ಬಂದಾಗ ಅವಳ ಕೈ ಅದನ್ನು ಎಳೆದುಕೊಳ್ಳುತ್ತಿತ್ತು. ಗೇಟು ದಾಟಿದ ಮೇಲೆ ಮೆಲ್ಲಗೆ ಮತ್ತೆ ಅಲ್ಲೇ ಇಡುತ್ತಿತ್ತು.

ಇದನ್ನೆಲ್ಲ ನೋಡುತ್ತಿದ್ದ ರಾಜಮಾಬಿಗೆ ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ.

“ಅಂವಾ ಬರಂಗಿಲ್ಲ ಬೇಟಿ. ಎಷ್ಟ ದಿನಾ ಸೀಟು ಹಿಡೀತಿ?”

“ನಿಮಗೇನ್ ಗೊತ್ತು ಖಾಲಾ?”

“ಅವತ್ತ ಆ ಟೀಚರಮ್ಮನ ಮುಂದ ಅಂದಿಯಲ್ಲ, ಓದಾಕ ಬರಂಗಿಲ್ಲ ಅಂತ... ಅಂವಾ ಆಗಲೇ ಹತ್ತಿ ನಿನ್ನ ಹಿಂದ ನಿಂತಿದ್ದ. ಮುಂದಿನ ಸ್ಟಾಪಿಗೆ ಇಳದ ಹೋದ. ಬಾಯಿಲೆ ಒಂದ ಮಾತ ಆಡಲಿಲ್ಲ.”

ಅವನು ದೂರವಾದ ಮೇಲೆ ತಾನು ನೊಂದೆ ಎಂದುಕೊಂಡಿದ್ದಳು. ಮೊದಲು ನೊಂದವನು ಅವನು!

ಕುಂದಗೋಳದಲ್ಲಿ ಅವನು ಕೆಲಸ ಮಾಡುವ ಗ್ಯಾರೇಜು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಎಷ್ಟೋ ಸಂಜೆ ಆ ತಿರುವಿನ ತನಕ ಹೋದಳು. ಯಾವ ಮುಖ ಹೊತ್ತು ಒಳಗೆ ಹೋಗಲಿ? ಪ್ರತಿ ಸಲವೂ ತಿರುಗಿ ಬಂದಳು.

*

ಮೆಣಸಿನಕಾಯಿ ಬಿಡಿಸುವ ಕಾಲ. ಆ ಬೆಳಿಗ್ಗೆ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಂತಿತು. ಪಕ್ಕಕ್ಕೆ ಕೆಂಪು ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್ ಬಂದು ನಿಂತಿತು. ಘಾಟಿಗೆ ಬಸ್ಸಿನ ತುಂಬ ಕೆಮ್ಮು.

ಕಿಟಕಿ ಮುಚ್ಚಲು ಹೋದ ಸುಧಾರಾಣಿಯ ಕೈ ಅಲ್ಲೇ ನಿಂತಿತು.

ಟ್ರೇಲರಿನ ಹಲಗೆಯ ಮೇಲೆ ಹೊಸ ಬಣ್ಣ. ಮೂರು ಚೌಕ.

ಮೊದಲ ಚೌಕದಲ್ಲಿ ಬಸ್ಸಿನ ಸೀಟು, ಒಂದೇ ಪುಸ್ತಕದ ಮೇಲೆ ಬಾಗಿದ ಎರಡು ತಲೆ. ನಡುವಿನದರಲ್ಲಿ ಕಿಟಕಿಯ ಹತ್ತಿರ ಒಬ್ಬಳೇ ಹುಡುಗಿ. ಕೊನೆಯದರಲ್ಲಿ ಖಾಲಿ ಸೀಟು. ಮಾತಿಲ್ಲ, ಮನುಷ್ಯರಿಲ್ಲ.

‘ಮುಗಿಸಿಬಿಟ್ಟ... ಎಲ್ಲ ಮುಗಿಯಿತು ಎಂದು ಬರೆದಿದ್ದಾನೆ...’

ಕಣ್ಣು ತುಂಬಿ ಚಿತ್ರವೆಲ್ಲ ಕಲಸಿಹೋಯಿತು. ಸೆರಗಿನಿಂದ ಒರೆಸಿಕೊಂಡು, ಕೊನೆಯ ಸಲ ಅವನ ಹೆಸರನ್ನಾದರೂ ನೋಡೋಣವೆಂದು ಖಾಲಿ ಸೀಟಿನ ಬುಡಕ್ಕೆ ಕಣ್ಣು ಹಾಯಿಸಿದಳು.

ಅಲ್ಲಿ ಹೆಸರಿರಲಿಲ್ಲ!

ಅವಳ ಕಣ್ಣು ನಡುವಿನ ಚೌಕಕ್ಕೆ ಬಂತು. ಅಲ್ಲೂ ಇಲ್ಲ. ಎಡಗಡೆಯ ಚೌಕದಲ್ಲಿ, ಆ ಎರಡು ತಲೆಗಳ ಕೆಳಗೆ, ಹಳದಿ ಅಕ್ಷರ: ‘ಮಾಳಿಂಗರಾಯ, ಸಂಶಿ.’

ಮುಗಿದ ಮೇಲೆ ಹಾಕುವ ಹೆಸರು...

ಬಲಗಡೆಯಿಂದ! ಖಾಲಿ ಸೀಟು. ಆಮೇಲೆ ಹುಡುಗಿ. ಆಮೇಲೆ... ಇಬ್ಬರೂ!

“ಕಾಕಾ!” ಅವಳು ಕಿಟಕಿಯಿಂದ ಕೂಗಿದಳು. “ಇದನ್ನ ತಗದವರು ಎಲ್ಲಿ ಅದಾರ್ರಿ?”

ಟ್ರ್ಯಾಕ್ಟರಿನ ಮಾಲೀಕ ಈರಬಸಪ್ಪ ತಿರುಗಿ ನೋಡಿದ. “ಮಾಳೂನಾ? ಗ್ಯಾರೇಜಿನ್ಯಾಗ ಅದಾನ. ಎರಡ ಎತ್ತು ತಗಿಯಲೇ ಅಂದ್ರ ಬಸ್ಸಿನ ಸೀಟು ತಗದಾನ! ಬೈಯಾಕ ಹೊಂಟಿದ್ರ ನಂದೂ ಎರಡ ಸೇರಿಸಿ ಬೈದ ಬಾರವ್ವ!”

*

ಸುಧಾರಾಣಿ ಶಾಲೆಗೆ ತಡವಾಗಿ ಹೋದದ್ದು ಅದೇ ಮೊದಲು.

ಗ್ಯಾರೇಜಿನ ಬಾಗಿಲಲ್ಲಿ ಅವಳನ್ನು ಕಂಡು ಮಾಳಿಂಗರಾಯನ ಬ್ರಷ್ಷು ಗಾಳಿಯಲ್ಲೇ ನಿಂತಿತು.

“ಟೀಚರ್...”

“ಮೊದಲ ಎಡದಿಂದ ಓದಿದೆ,” ಅವಳಿಗೆ ಏದುಸಿರು. “ಜೀವಾನ ಹೋದಂಗಾತು!”

“ಆಮ್ಯಾಲ?”

“ಆಮ್ಯಾಲ ನಿಮ್ಮ ಹೆಸರು ಕಂಡಿತು.”

ಅವನು ತಲೆ ತಗ್ಗಿಸಿದ. “ಕಾಕಾ ದಿನಾ ಆ ಗೇಟ್ ದಾಟ್ತಾನ. ಒಂದಿನಾ ನಿಮ್ಮ ಬಸ್ಸಿನ ಬಾಜೂಕ ನಿಲ್ಲಬಹುದು ಅನಕೊಂಡೆ. ಬಂದು ಮಾತಾಡೂವಷ್ಟು ಧೈರ್ಯಾ ಇರಲಿಲ್ರಿ.”

“ಅವತ್ತ ರೋಹಿಣಿ ಮುಂದ ನಾ ಅಂದದ್ದು...”

“ಖರೇನ ಅಂದ್ರಿ. ನನಗ ಓದಾಕ ಎಲ್ಲಿ ಬರ್ತೈತಿ?”

“ಖರೇ ಅಲ್ರಿ!” ಅವಳು ಒಂದು ಹೆಜ್ಜೆ ಒಳಗೆ ಬಂದಳು. “ನಾ ಬರೇ ಶಬ್ದಾ ಓದತಿದ್ದೆ. ಕಥಿ ಓದಿದವರು ನೀವು. ಮಂದಿಗಿ ಅಂಜಿ ನಿಮ್ಮನ್ನ ಯಾರೂ ಅಲ್ಲ ಅಂದೆ. ಹಂಗಂದ್ರ ಮರ್ಯಾದಿ ಉಳೀತೈತಿ ಅನಕೊಂಡೆ... ಉಳದದ್ದು ಖಾಲಿ ಸೀಟು, ಮತ್ತೇನಿಲ್ಲ. ನೀವು ಇಲ್ಲದ ನನಗ ಒಂದ ಪುಟಾನೂ ತಿರುವಾಕ ಆಗವಲ್ದು.”

ಅವಳು ಬ್ಯಾಗಿನಿಂದ ನಾಲ್ಕನೆಯ ಭಾಗ ತೆಗೆದಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ.

“ಓದಿಲ್ಲೇನ್ರಿ? ಇಷ್ಟ ದಿನಾ?”

“ಒಪ್ಪಂದ ಇತ್ತಲ್ಲ.”

ಅವನು ಸ್ಟೂಲು ಒರೆಸಿ ಕೊಟ್ಟ. ತಾನು ಬಣ್ಣದ ಡಬ್ಬಿ ಬೋರಲು ಹಾಕಿ ಕುಳಿತ. ಬಲಗಡೆಯಿಂದ ಪುಸ್ತಕ ತೆರೆದರು. ಅವಳು ಓದಿದಳು, ತಡವರಿಸಿದಳು, ಮತ್ತೆ ಓದಿದಳು. ಪುಟದ ಕೊನೆ ಬಂತು. ಅವಳ ಬೆರಳು ಅಂಚಿಗೆ ಹೋಯಿತು.

“ತಡೀರಿ... ಇನ್ನೂ ನೋಡೋದು ಮುಗದಿಲ್ಲ.”

ಅವಳು ತಲೆಯೆತ್ತಿದಳು. ಅವನ ಕಣ್ಣು ಪುಟದ ಮೇಲೆ ಇರಲೇ ಇಲ್ಲ.

“ಪುಸ್ತಕಾ ನೋಡಾಕತ್ತಿಲ್ಲಲ್ರಿ ನೀವು...”

“ಇಲ್ರಿ.”

“ಹಂಗಾರ ಯಾವಾಗ ಮುಗೀತೈತಿ?”

“ಮುಗದಿದ್ರ ಇಲ್ಲೂ ಹೆಸರು ಹಾಕತಿದ್ನಲ್ರಿ,” ಎಂದು ಅವನು ನಕ್ಕ. “ಮುಗಿಯೂದ ಬ್ಯಾಡ.”

ಹಳದಿ ಬಣ್ಣದ ಕೈ ಅವಳ ಕೈಯ ಮೇಲೆ ಮೆಲ್ಲಗೆ ಬಂತು. ಅವಳು ಪುಟ ತಿರುವಲಿಲ್ಲ.

*

ಆ ಪುಸ್ತಕ ಈಗ ಶಾಲೆಯ ಕಪಾಟಿನಲ್ಲಿದೆ. ಒಂದು ಪುಟದ ಅಂಚಿನಲ್ಲಿ ಹಳದಿ ಬೆರಳಚ್ಚು ಇದೆ. ನಾಲ್ಕನೆಯ ಭಾಗದ ಕೊನೆಯಲ್ಲಿ ರೆನ್‌ನ ದೋಣಿ ಮಂಜಿನಲ್ಲಿ ಇನ್ನೂ ದೂರವೇ ಇದೆ, ಎಮಿ ದಡದಲ್ಲೇ ಇದ್ದಾಳೆ. ಮುಂದಿನ ಭಾಗ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದು ಎಲ್ಲಾದರೂ ಇದೆಯೋ, ಬರೆದವರು ಅಲ್ಲಿಗೇ ನಿಲ್ಲಿಸಿದರೋ, ದೋಣಿ ದಡ ಸೇರಿತೋ ಇಲ್ಲವೋ... ನನಗೆ ಗೊತ್ತಿಲ್ಲ.