ತಾನಾಗಿ ತಗ್ಗುತ್ತಿದ್ದ ಹಾಡು

ವಿಶಾಖಪಟ್ಟಣದಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದ ಜಗದೀಶ್, ಹೆಂಡತಿ ಕೃಪಾ ತೀರಿಕೊಂಡ ಒಂಬತ್ತು ತಿಂಗಳ ಮೇಲೆ, 2017ರಲ್ಲಿ, ತನ್ನ ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ಮತ್ತೆ ಹೊರಗೆ ತೆಗೆದ. ಗಾಜು ಏರಿಸಿ, ಎದೆ ಅದುರುವಷ್ಟು ಜೋರಾಗಿ ಹಾಡು ಹಾಕಿಕೊಂಡು ಓಡಿಸುವುದು ಅವನ ಹಳೆಯ ಚಾಳಿ. ಪಕ್ಕದಲ್ಲಿ ಕೂತ ಕೃಪಾ, "ಸ್ವಲ್ಪ ಕಮ್ಮಿ ಮಾಡ್ರೀ, ಒಂದು ಮಾತು ಹೇಳ್ಬೇಕು" ಅನ್ನುತ್ತಿದ್ದಳು. "ಮನೆಗೆ ಹೋದ್ಮೇಲೆ ಹೇಳು" ಎಂದು ಅವನು ಇನ್ನಷ್ಟು ಏರಿಸುತ್ತಿದ್ದ. ಮನೆ ತಲುಪಿದ ಮೇಲೆ ಅವಳು ಹೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.

ಈಗ ಹಾಡು ನಡುನಡುವೆ ತಾನಾಗಿಯೇ ತಗ್ಗತೊಡಗಿತು, ಯಾರೋ ಮೆಲ್ಲಗೆ ಗುಂಡಿ ತಿರುಗಿಸಿದಂತೆ. ಆಗೆಲ್ಲ ಎಡಗಡೆಯ ಗಾಜು ಒಳಗಿನಿಂದ ಮಂಜಾಗುತ್ತಿತ್ತು.

ಕೆಲಸದ ಮೇಲೆ ವಿಜಯವಾಡಕ್ಕೆ ಹೋದಾಗ, ಆಟೋನಗರ್‌ನ ಮೆಕಾನಿಕ್ ಸಾಯಿಕಿರಣ್‌ಗೆ ಕಾರು ತೋರಿಸಿದ. ಸಾಯಿಕಿರಣ್ ತಾಯಿಯಿಂದ ಕನ್ನಡ ಕಲಿತವನು. ಒಂದು ಸುತ್ತು ಓಡಿಸಿ ಬಂದು, "ಮ್ಯೂಸಿಕ್ ಸೆಟ್ ಚೆನ್ನಾಗೇ ಇದೆ ಸಾರ್. ನಾನೊಬ್ಬನೇ ಹೋದಾಗ ಸೌಂಡ್ ಒಂದ್ಸಲಾನೂ ತಗ್ಗಲಿಲ್ಲಂಡಿ" ಎಂದ.

ಮರುದಿನ ಜಗದೀಶ್ ಹಾಡು ಹಾಕದೆಯೇ ವಿಶಾಖಪಟ್ಟಣಕ್ಕೆ ಹೊರಟ. "ಹೇಳು ಕೃಪಾ, ಕೇಳ್ತಾ ಇದೀನಿ" ಎಂದು ದಾರಿಯುದ್ದಕ್ಕೂ ಅಂದ. ಎಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಎರಡು ಸಲ ಕಣ್ಣೊರೆಸಿಕೊಂಡ.

ಸಂಜೆ ಊರ ಹೊರವಲಯದ ದುವ್ವಾಡದ ಹತ್ತಿರ ಬಂದಾಗ, ಎಡಗಡೆ ಕೂತವರು ಸೀಟ್ ಬೆಲ್ಟ್ ಹಾಕಿಲ್ಲವೆಂದು ಕಾರು ಬೀಪ್ ಬೀಪ್ ಎನ್ನತೊಡಗಿತು. ಸೀಟಿನ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಜಗದೀಶ್ ರಸ್ತೆಯ ಬದಿಗೆ ನಿಲ್ಲಿಸಿ, ಕೈ ಚಾಚಿ ಬೆಲ್ಟ್ ಎಳೆದು ಸಿಕ್ಕಿಸಿದ. ಸದ್ದು ನಿಂತಿತು. ಬೆಲ್ಟು ಮಾತ್ರ ಸೀಟಿನ ಬೆನ್ನಿಗೆ ಒರಗದೆ, ಒಂದು ಗೇಣು ಮುಂದೆಯೇ ನಿಂತಿತ್ತು.